ಎಡಗೈಗೆ ಮದರಂಗಿ ಬೇಡ

ನಮ್ಮ ಕಡೆ ಗಂಡ ಇರುವವಳು ಯಾರು, ಗಂಡ ಸತ್ತವಳು ಯಾರು ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೈ ನೋಡಿದರೆ ಸಾಕು. ಗಂಡ ಇರುವವಳ ಕೈಯಲ್ಲಿ ಮದರಂಗಿ ಇರುತ್ತದೆ. ಉಗುರಿನಿಂದ ಮೊಣಕೈವರೆಗೆ ಹೂವು, ಬಳ್ಳಿ, ಎಲ್ಲ ಕಾಡಿಗೆಯಷ್ಟು ಕಪ್ಪು. ಗಂಡ ಸತ್ತ ದಿನ ಅದು ನಿಲ್ಲುತ್ತದೆ. ಆಮೇಲೆ ಕೈ ಬೋಳು. ಸುಡಾನಿನಲ್ಲಿ ನಮ್ಮ ಹಳ್ಳಿಗಳ ರೂಢಿ ಇದು.

ಈ ರೂಢಿಯನ್ನು ನಾನು ಬೈಯುವುದಿಲ್ಲ. ನನಗೂ ಮದರಂಗಿ ಎಂದರೆ ಪ್ರಾಣವಾಗಿತ್ತು. ಆದರೆ ಕೀಮೋ ಎಂಬ ಔಷಧಿ ಹಾಕಿಸಿಕೊಳ್ಳುವ ದಿನ ಆ ಮದರಂಗಿ ಏನು ಮಾಡೀತು ಎಂದು ಹೇಳಬೇಕು. ಹೇಳದೆ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದು ನನ್ನ ತಪ್ಪು.

ನನ್ನ ಹೆಸರು ಮಸ್ತೂರಾ. ಗೆಝೀರಾದ ದೊಡ್ಡ ಕಾಲುವೆಯ ದಂಡೆಯ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದೆ. ಸರ್ಕಾರ ಕೊಟ್ಟ ತಗಡಿನ ಪೆಟ್ಟಿಗೆ ಹಿಡಿದು ನಾನು ಹೊರಟರೆ, ಯಾರ ಮನೆಯಲ್ಲಿ ನೋವು ಶುರುವಾಯಿತು ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಈಗ ಆ ಪೆಟ್ಟಿಗೆ ಬೇರೊಬ್ಬಳ ಕೈಯಲ್ಲಿದೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ನಮ್ಮ ಮನೆಯ ಎದುರಿಗೆ ಹಾಜ್ಜಾ ತೋಮಾ ಅವರ ಮನೆ. ಹಾಜ್ಜಾ ಎಂದರೆ ಹಿರಿಯ ಹೆಂಗಸನ್ನು ಮರ್ಯಾದೆಯಿಂದ ಕರೆಯುವ ಮಾತು. ಅವರು ವಿಧವೆ. ಒಬ್ಬನೇ ಮಗ ಬಾಬಿಕರ್. ಅವನು ಉತ್ತರದ ಮರಳುಗಾಡಿನಲ್ಲಿ ಚಿನ್ನ ತೋಡಲು ಹೋಗಿದ್ದಾನೆ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆಯ ಹೆಸರು ಇಖ್ಲಾಸ್. ಇಪ್ಪತ್ತಾರು ವರ್ಷ. ಅವಳನ್ನು ಈ ಲೋಕಕ್ಕೆ ಬರಮಾಡಿಕೊಂಡದ್ದು ನನ್ನ ಕೈಗಳೇ.

ಇಖ್ಲಾಸಳ ಬಲಗಡೆಯ ಎದೆಯಲ್ಲಿ ಗಡ್ಡೆ ಬಂತು. ಪಟ್ಟಣದ ಆಸ್ಪತ್ರೆಯಲ್ಲಿ ಎದೆಯನ್ನೂ ಕಂಕುಳ ಗಂಟುಗಳನ್ನೂ ತೆಗೆದರು. ಆ ಬದಿಯ ಕೈಗೆ ಇನ್ನು ಸೂಜಿ ಚುಚ್ಚುವಂತಿಲ್ಲ ಎಂದರು. ಗಾಯ ಮಾಗಿದ ಮೇಲೆ ಕೀಮೋ ಎಂದರು. ಒಟ್ಟು ಎಂಟು ಡೋಸು. ಮೊದಲನೆಯದು ಮಂಗಳವಾರ.

ಅದಕ್ಕೆ ಮೂರು ದಿನ ಮುಂಚೆ, ಶನಿವಾರ, ಎದುರು ಮನೆಯ ಅಂಗಳದಿಂದ ಜಾಲಿ ಕಟ್ಟಿಗೆಯ ಹೊಗೆಯ ವಾಸನೆ ಬಂತು. ಜೊತೆಗೆ ನೆನೆಸಿದ ಮದರಂಗಿಯ ವಾಸನೆ. ತಲೆಯ ಮೇಲೆ ಸೆರಗು ಎಳೆದುಕೊಂಡು, ಎಡಗೈಯನ್ನು ಅದರೊಳಗೆ ಮುಚ್ಚಿಕೊಂಡು ಹೋದೆ.

ಹಾಜ್ಜಾ ತೋಮಾ ತಗಡಿನ ಬೋಗುಣಿಯಲ್ಲಿ ಮದರಂಗಿ ಕಲಸುತ್ತಿದ್ದರು. ಅದಕ್ಕೆ ಕೂದಲಿಗೆ ಹಚ್ಚುವ ಕಪ್ಪು ಪುಡಿಯನ್ನೂ ಬೆರೆಸಿದ್ದರು. ಅಂಗಳದ ಮೂಲೆಯ ಗುಂಡಿಯಲ್ಲಿ ಕಟ್ಟಿಗೆ ಹೊಗೆಯಾಡುತ್ತಿತ್ತು. ಗಂಡ ಇರುವ ಹೆಂಗಸರು ಕಂಬಳಿ ಹೊದ್ದು, ಅದರ ಮೇಲೆ ಕೂತು ಮೈಗೆ ಹೊಗೆ ಕೊಟ್ಟುಕೊಳ್ಳುತ್ತಾರಲ್ಲ, ಆ ಗುಂಡಿ.

“ಬಾ ಮಸ್ತೂರಾ, ಒಳ್ಳೆ ಹೊತ್ತಿಗೆ ಬಂದೆ. ತೆಳ್ಳಗಾಯ್ತಾ ನೋಡು ಇದು,” ಎಂದರು.

“ಯಾರಿಗೆ ಹಾಜ್ಜಾ ಇದೆಲ್ಲ?”

“ಯಾರಿಗೆ ಅಂದ್ರೆ? ನನಗಾ? ಹದಿನಾರು ವರ್ಷ ಆಯ್ತು ನನ್ನ ಕೈ ಬೋಳಾಗಿ. ನನ್ನ ಸೊಸೆಗೆ.”

“ಮಂಗಳವಾರ ಅವಳಿಗೆ ಡೋಸು.”

“ಅದಕ್ಕೇ ತಾನೇ ಇವತ್ತು ಹಚ್ತಿರೋದು! ಪಟ್ಟಣದ ಆಸ್ಪತ್ರೆ. ನೂರು ಜನ ನೋಡ್ತಾರೆ. ಗಂಡ ಸತ್ತವಳ ಥರ ಬೋಳು ಕೈ ಬೀಸ್ಕೊಂಡು ಹೋಗ್ಬೇಕಾ?”

“ಬೇಡ ಹಾಜ್ಜಾ. ಕೈಗೆ ಮದರಂಗಿ ಬೇಡ. ಹೊಗೇನೂ ಬೇಡ.”

ಹಾಜ್ಜಾ ತೋಮಾ ಕಲಸುವುದನ್ನು ನಿಲ್ಲಿಸಿದರು. “ಯಾಕೆ? ಹೊಗೆ ಬಿದ್ರೆ ಮೈ ಗಟ್ಟಿ ಆಗುತ್ತೆ. ಬಾಣಂತಿಗೂ ನೀನೇ ಕೊಡಿಸ್ತಿದ್ದೆ.”

“ಬಾಣಂತಿ ಬೇರೆ, ಇವಳು ಬೇರೆ. ಒಂದು ಗಂಟೆ ಅದರ ಮೇಲೆ ಕೂತ್ರೆ ಮೈಯ ನೀರೆಲ್ಲ ಬೆವರಾಗಿ ಹೋಗುತ್ತೆ. ನೀರು ಹೋದ್ರೆ ನರ ಸಿಗಲ್ಲ. ಸೂಜಿ ಹಾಕೋರು ಹತ್ತು ಕಡೆ ಚುಚ್ತಾರೆ. ಈಗ ಅವಳಿಗೆ ಬೇಕಾಗಿರೋದು ನೀರು, ಬೆವರಲ್ಲ.”

“ಸರಿ, ಹೊಗೆ ಬಿಡು. ಮದರಂಗಿ ಏನು ಮಾಡ್ತು? ಎಲೆ ತಾನೇ? ಮೇಲೆ ಮೇಲೆ ಇರುತ್ತೆ.”

ಇಖ್ಲಾಸ್ ಬಾಗಿಲ ಬಳಿ ಹಗ್ಗದ ಮಂಚದ ಮೇಲೆ ಕೂತಿದ್ದಳು. ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಈಗ ನೆಲ ನೋಡುತ್ತಲೇ, ಚಿಕ್ಕಮ್ಮನನ್ನು ಕರೆಯುವಂತೆ ನನ್ನನ್ನು ಕರೆದು ಹೇಳಿದಳು: “ಖಾಲಾ, ಎದೆ ಹೋಯ್ತು. ಕೂದಲೂ ಹೋಗುತ್ತೆ ಅಂದ್ರು. ಕೈಯಾದ್ರೂ ಹೆಂಗಸಿನ ಕೈ ಥರ ಇರ್ಲಿ ಬಿಡಿ.”

ಹಾಜ್ಜಾ ತೋಮಾ ಅವರ ದನಿಯೂ ತಗ್ಗಿತು.

“ನಿನಗೆ ಗೊತ್ತಿಲ್ದೇ ಇರೋದೇನಿದೆ ಮಸ್ತೂರಾ? ನಲವತ್ತು ದಿನ ಆಯ್ತು ಬಾಬಿಕರ್ ಫೋನ್ ಮಾಡಿ. ಅವನು ಅಲ್ಲಿ ಮರಳಿನೊಳಗೆ ಬಾವಿ ತೋಡ್ಕೊಂಡು ಇಳೀತಾನೆ. ಹೋದ ತಿಂಗಳು ಅಂಥದ್ದೊಂದು ಬಾವಿ ಕುಸಿದು ಬಿತ್ತಂತೆ. ಇಲ್ಲಿ ಅವನ ಹೆಂಡ್ತಿ ಕೈ ನಾನೇ ಬೋಳು ಮಾಡಿ ಕೂರಿಸ್ಲಾ? ನನ್ನ ಬಾಯಾರೆ ನಾನೇ ಅಪಶಕುನ ನುಡಿದ ಹಾಗಲ್ವಾ?”

ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು. ಇದು ಅಲಂಕಾರದ ಮಾತಲ್ಲ. ಆ ಮುದುಕಿ ಸೊಸೆಯ ಕೈಯಲ್ಲಿ ಮಗನ ಜೀವ ನೋಡುತ್ತಿದ್ದರು. ಬುದ್ಧಿವಾದ ಹೇಳಿ ಅದನ್ನು ಬಿಡಿಸಲು ಆಗುವುದಿಲ್ಲ. ನಾನು ಸೆರಗಿನೊಳಗಿಂದ ಎಡಗೈ ತೆಗೆದು ಬೋಗುಣಿಯ ಪಕ್ಕದಲ್ಲಿಟ್ಟೆ.

ಎರಡು ವರ್ಷದಲ್ಲಿ ಊರಿನಲ್ಲಿ ಯಾರೂ ಆ ಕೈ ನೋಡಿರಲಿಲ್ಲ. ಕುದಿಯುವ ಎಣ್ಣೆ ಬಿತ್ತು ಎಂದು ಎಲ್ಲರಿಗೂ ಸುಳ್ಳು ಹೇಳಿದ್ದೆ. ಕೈ ಹಿಂಬದಿಯ ಚರ್ಮ ಸುಕ್ಕುಗಟ್ಟಿ, ತೊಡೆಯಿಂದ ತೆಗೆದು ಹಚ್ಚಿದ ತುಂಡು ಬಿಳುಚಿಕೊಂಡಿದೆ. ಎರಡು ಬೆರಳು ಮಡಿಚಲು ಬರುವುದಿಲ್ಲ. ಸೂಲಗಿತ್ತಿಯ ಪೆಟ್ಟಿಗೆ ಬೇರೊಬ್ಬಳಿಗೆ ಹೋದದ್ದು ಅದಕ್ಕೇ. ಇಖ್ಲಾಸ್ ಮಂಚದಿಂದ ಎದ್ದು ಬಂದಳು.

“ಇದು ಎಣ್ಣೆ ಅಲ್ಲ ಹಾಜ್ಜಾ. ಮದರಂಗಿ. ನನಗೂ ಇವಳ ಕಾಯಿಲೆನೇ ಆಗಿತ್ತು. ‘ಗಂಟಲು ತೋರಿಸೋಕೆ ಹೋಗ್ತೀನಿ’ ಅಂತ ಸುಳ್ಳು ಹೇಳಿ ಪಟ್ಟಣಕ್ಕೆ ಹೋಗ್ತಿದ್ದೆ. ಮೂರನೇ ಡೋಸಿಗೆ ಮದುವಣಗಿತ್ತಿ ಥರ ಕೈ ತುಂಬ ಹಚ್ಕೊಂಡು ಹೋದೆ. ಕೆಂಪು ಔಷಧಿ ಅದು, ದಾಸವಾಳದ ಷರಬತ್ತಿನ ಬಣ್ಣ. ನರದ ಒಳಗೆ ಹೋದ್ರೆ ಔಷಧಿ. ನರದಿಂದ ಆಚೆ ಸೋರಿದ್ರೆ ಮಾಂಸ ತಿನ್ನುತ್ತೆ. ಸೋರಿದ್ರೆ ಚರ್ಮ ಕೆಂಪಗಾಗುತ್ತೆ, ಉಬ್ಬುತ್ತೆ. ಆ ಸಿಸ್ಟರ್ ಕೈ ನೋಡ್ತಾನೇ ಇದ್ದಳು, ಪಾಪ. ಅವಳಿಗೆ ಕಂಡಿದ್ದು ಕಪ್ಪು ಹೂವು.”

“ನಿನಗೆ ಗೊತ್ತಾಗ್ಲಿಲ್ವಾ?” ಎಂದರು ಹಾಜ್ಜಾ ತೋಮಾ.

“ಗೊತ್ತಾಯ್ತು. ಕೆಂಡ ಇಟ್ಟ ಹಾಗಾಯ್ತು. ಸಿಸ್ಟರ್ ಮೂರು ಸಲ ಕೇಳಿದಳು, ಉರೀತಿದೆಯಾ ಅಂತ. ಮೂರು ಸಲವೂ ‘ಏನಿಲ್ಲ, ದೇವರ ದಯೆ’ ಅಂದೆ. ಸೆರಗು ಕಚ್ಕೊಂಡು ಕೂತೆ. ಮೂವತ್ತು ವರ್ಷ ಹೆರಿಗೆ ಮನೇಲಿ ಎಲ್ಲರಿಗೂ ಅದನ್ನೇ ಹೇಳ್ಕೊಟ್ಟಿದ್ದೆ, ಕೂಗ್ಬೇಡ, ಸೆರಗು ಕಚ್ಚು ಅಂತ. ನಾನೇ ಕೂಗಿದ್ರೆ ಹೇಗೆ?”

ಉಳಿದದ್ದನ್ನೂ ಹೇಳಿದೆ. ಮೂರನೇ ದಿನ ಚರ್ಮ ಕಪ್ಪಾಗಿ ಬಿರಿಯಿತು. ಗಾಯ ಮಾಗುವವರೆಗೆ ಎರಡು ತಿಂಗಳು ಡೋಸು ನಿಲ್ಲಿಸಿದರು. ಡೋಸು ನಿಂತಿತು, ಕಾಯಿಲೆ ನಿಲ್ಲಲಿಲ್ಲ. ಈಗ ಬೆನ್ನಿನ ಮೂಳೆಗೆ ಹೋಗಿದೆ. ಆ ಎರಡು ತಿಂಗಳಿಂದಲೇ ಹೀಗಾಯಿತು ಎಂದು ವೈದ್ಯರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಹಾಜ್ಜಾ ತೋಮಾ ಮುಖ ತಿರುಗಿಸಿದರು. “ಅದು ನಿನ್ನ ಹಣೆಬರಹ ಮಸ್ತೂರಾ. ಎಲ್ಲರಿಗೂ ಹಾಗೇ ಆಗುತ್ತಾ?”

“ಎಲ್ಲರಿಗೂ ಆಗಲ್ಲ. ನೂರರಲ್ಲಿ ಒಬ್ಬಳಿಗೆ ಆಗಬಹುದು, ಇಬ್ಬರಿಗೆ ಆಗಬಹುದು. ಆ ಒಬ್ಬಳು ಇಲ್ಲಿ ಕೂತಿದ್ದಾಳಲ್ಲ.”

ಇಖ್ಲಾಸ್ ನನ್ನ ಗಾಯದ ಕಲೆಯನ್ನು ಮುಟ್ಟಿ ನೋಡಿದಳು. ಆಮೇಲೆ ತನ್ನ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಳು. “ಸೂಜಿಗೆ ಅಂತ ನನಗೆ ಉಳಿದಿರೋದು ಇದೊಂದೇ ಕೈ ಅತ್ತೆ. ಹಚ್ಬೇಡಿ,” ಎಂದಳು.

ಹಾಜ್ಜಾ ತೋಮಾ ಬೋಗುಣಿಯ ಮೇಲೆ ತಟ್ಟೆ ಮುಚ್ಚಿದರು. ಚೆಲ್ಲಲಿಲ್ಲ, ಮುಚ್ಚಿಟ್ಟರು. ಆಮೇಲೆ ನನ್ನೊಡನೆ ಮಾತು ಬಿಟ್ಟರು.

ಭಾನುವಾರ ಬೆಳಿಗ್ಗೆ ನಾನು ಮತ್ತೆ ಹೋದೆ. ಮಾತು ಬಿಟ್ಟವರ ಮನೆಗೆ ಹೋಗುವುದು ಸೂಲಗಿತ್ತಿಗೆ ಹೊಸದಲ್ಲ. ಇಖ್ಲಾಸಳ ಮುಂದೆ ನೀರಿನ ಮಡಕೆ ಇಟ್ಟು, “ಇದು ರಾತ್ರಿಯೊಳಗೆ ಅರ್ಧ ಆಗ್ಬೇಕು,” ಎಂದೆ. ವೈದ್ಯರು ಅವಳಿಗೆ ನೀರು ಕಡಿಮೆ ಕುಡಿ ಎಂದಿರಲಿಲ್ಲ, ಕೇಳಿಕೊಂಡೇ ಬಂದಿದ್ದೆ. ಉಪವಾಸ ಬೇಡ ಎಂದೆ. ಹೋದ ರಂಜಾನಿನಲ್ಲಿ ಬಿಟ್ಟುಹೋದ ನಾಲ್ಕು ಉಪವಾಸಗಳನ್ನು ಈ ವಾರವೇ ತೀರಿಸಿಬಿಡುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಎಣಿಸಿದ್ದಳಂತೆ.

“ಕಾಯಿಲೆಯವರಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆ. ನೀನು ಅವನಿಗಿಂತ ದೊಡ್ಡವಳಾ?” ಎಂದು ಗದರಿದೆ. ನಕ್ಕಳು. ಆ ವಾರ ಅವಳು ನಕ್ಕದ್ದು ಅದೊಂದೇ ಸಲ.

ಹಾಜ್ಜಾ ತೋಮಾ ಒಲೆಯ ಬಳಿ ಬೆನ್ನು ಹಾಕಿ ಕೂತಿದ್ದರು. ಆದರೆ ಕಿವಿ ಇತ್ತಲೇ ಇತ್ತು. ನಾನು ಗೋಡೆಗೆ ಹೇಳುವವಳಂತೆ ಹೇಳಿದೆ: “ಮಂಗಳವಾರ ಬೆಳಿಗ್ಗೆ ಬರಿ ಹೊಟ್ಟೇಲಿ ಹೋಗ್ಬಾರದು. ಕರಿದದ್ದು, ಖಾರದ್ದು ಬೇಡ. ತೆಳ್ಳಗಿನ ಜೋಳದ ಅಂಬಲಿ ಸಾಕು. ಯಾರಾದ್ರೂ ಮಾಡಿಕೊಟ್ರೆ ಒಳ್ಳೇದು.”

“ಅಂಬಲಿ ಮಾಡೋದು ಸೂಲಗಿತ್ತಿ ಹತ್ರ ಕಲೀಬೇಕಾ ನಾನು?” ಎಂದರು ಒಲೆಯ ಕಡೆಯಿಂದ.

ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು. ನಾನು ಎದ್ದು ಗೂಡಿನಲ್ಲಿದ್ದ ಪೊಟ್ಟಣಗಳನ್ನು ತೆಗೆದೆ. ಕರಿಜೀರಿಗೆ, ಮೆಂತ್ಯ, ಇನ್ನೊಂದು ಯಾವುದೋ ಕಹಿ ಬೇರಿನ ಪುಡಿ. ದಿನಾ ಬೆಳಿಗ್ಗೆ ಸೊಸೆಗೆ ಜೇನಿನಲ್ಲಿ ತಿನ್ನಿಸುತ್ತಿದ್ದರು.

“ಆಸ್ಪತ್ರೇಲಿ ಇದನ್ನ ಹೇಳಿದ್ರಾ?”

“ಅವರಿಗ್ಯಾಕೆ? ಬೈತಾರೆ.”

“ಬೈದ್ರೆ ಬೈಸ್ಕೊಳ್ಳೋಣ. ಮೂರೂ ಕಟ್ಟಿಕೊಡಿ, ತೋರಿಸೋಣ. ಅವರು ಹೂಂ ಅನ್ನೋವರೆಗೂ ಬಾಯಿಗೆ ಹಾಕೋದು ಬೇಡ. ಒಳಗೆ ಹೋಗೋ ಔಷಧಿಗೂ ಇದಕ್ಕೂ ಹೊಂದಿಕೆ ಆಗುತ್ತೋ ಇಲ್ವೋ, ನಮಗೇನು ಗೊತ್ತು?”

ಅವತ್ತು ಮಧ್ಯಾಹ್ನ ಇಖ್ಲಾಸಳಿಗೆ ಇನ್ನೊಂದು ಪಾಠ ಮಾಡಿದೆ. ಕೂಗುವ ಪಾಠ.

“ಹೇಳು. ಉರೀತಿದೆ.”

“ಉರೀತಿದೆ,” ಎಂದಳು, ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ.

“ನಾನು ಕಾಲುವೆ ಆಚೆ ದಂಡೇಲಿ ಇದೀನಿ. ಪಂಪು ಬೇರೆ ಓಡ್ತಿದೆ. ಈಗ ಹೇಳು.”

“ಉರೀತಿದೆ.”

“ಸತ್ತೋರೇ ಇದಕ್ಕಿಂತ ಜೋರಾಗಿ ಮಾತಾಡ್ತಾರೆ. ಇನ್ನೊಂದು ಸಲ.”

“ಉರೀತಿದೆ!”

“ಸಾಕು ನಿಲ್ಲಿಸ್ರೇ!” ಹಾಜ್ಜಾ ತೋಮಾ ಸೌಟು ಹಿಡಿದೇ ಬಂದರು. “ಬೀದಿಗೆಲ್ಲ ಕೇಳಿಸ್ಬೇಕಾ? ಬಾಬಿಕರ್‌ನ ಹೆತ್ತಾಗ ನಾನು ಕಮಕ್ ಕಿಮಕ್ ಅಂದಿಲ್ಲ. ಊರೇ ಹೊಗಳಿತ್ತು. ಬೇಕಾದ್ರೆ ನೀನೇ ಹೇಳು, ನೀನೇ ಸಾಕ್ಷಿ.”

“ನಾನೇ ಸಾಕ್ಷಿ,” ಎಂದೆ. “ನೀವು ಕಮಕ್ ಕಿಮಕ್ ಅನ್ಲಿಲ್ಲ. ಒಳಗೆ ಹರೀತಿದೆ ಅಂತಲೂ ಹೇಳ್ಲಿಲ್ಲ. ರಕ್ತ ಚಾಪೆ ದಾಟಿ ನೆಲಕ್ಕೆ ಬಂದ್ಮೇಲೆ ನನಗೆ ಗೊತ್ತಾಯ್ತು. ಒಂದು ಸಲ ‘ಅಯ್ಯೋ’ ಅಂದಿದ್ರೆ ಆಗ್ತಿತ್ತು ಹಾಜ್ಜಾ. ಅವತ್ತಿನ ಮೇಲೆ ನಿಮಗೆ ಇನ್ನೊಂದು ಮಗು ಆಗ್ಲಿಲ್ಲ.”

ಆ ಮಾತು ಆಡಬಾರದಿತ್ತು. ಮೂವತ್ತು ವರ್ಷ ನಾವಿಬ್ಬರೂ ಅದನ್ನು ಎತ್ತಿರಲಿಲ್ಲ. ಅವರು ಸೌಟನ್ನು ನೆಲಕ್ಕಿಟ್ಟು ಅಲ್ಲೇ ಕುಕ್ಕರಿಸಿದರು. ನಾನು ಆಗ ಹೊಸ ಸೂಲಗಿತ್ತಿ, ಸುಮ್ಮನಿರು ಎಂದು ಅವರ ಬಾಯಿಗೆ ಸೆರಗು ಕೊಟ್ಟವಳೂ ನಾನೇ. ಅದನ್ನೂ ಹೇಳಿದೆ. ಹೇಳಿ, ಅವರ ಪಾದ ಹಿಡಿದೆ.

ಹಾಜ್ಜಾ ತೋಮಾ ನನ್ನ ಕೈ ಬಿಡಿಸಿ, ಸೊಸೆಯ ಕಡೆ ತಿರುಗಿ, “ಇನ್ನೊಂದು ಸಲ ಹೇಳು. ಒಲೆ ಹತ್ರ ಕೂತ್ರೂ ನನಗೆ ಕೇಳಿಸ್ಬೇಕು,” ಎಂದರು.

ಸೋಮವಾರ ರಕ್ತಪರೀಕ್ಷೆ. ರಕ್ತದಲ್ಲಿ ಬಿಳಿ ಕಣ ಸಾಕಷ್ಟಿದ್ದರೆ ಮಾತ್ರ ಡೋಸು ಕೊಡುತ್ತಾರೆ. ಸಾಕಷ್ಟಿತ್ತು. ಸಂಜೆ ಜ್ವರ ನೋಡಿದೆ, ಇರಲಿಲ್ಲ. ಚೀಲ ಕಟ್ಟಿದೆವು. ಪರೀಕ್ಷೆಯ ಕಾಗದಗಳು, ಕುದಿಸಿ ಆರಿಸಿದ ನೀರು, ಒಣ ರೊಟ್ಟಿ, ಒಂದು ನಿಂಬೆಹಣ್ಣು, ವಾಂತಿ ಬಂದರೆ ಇರಲಿ ಎಂದು ದಪ್ಪ ಪ್ಲಾಸ್ಟಿಕ್ ಚೀಲ, ಆ ಮೂರು ಪೊಟ್ಟಣ. ತೋಳು ಸಡಿಲವಾಗಿರುವ ಅಂಗಿ ತೆಗೆದಿಟ್ಟೆವು. ಬಳೆ, ಉಂಗುರ ಬಿಚ್ಚಿಸಿದೆವು. ಬಳೆ ಬಿಚ್ಚುವಾಗ ಹಾಜ್ಜಾ ತೋಮಾ ಒಳಗೆ ಹೋಗಿಬಿಟ್ಟರು.

ಮಂಗಳವಾರ ಬೆಳಗಿನ ನಮಾಜು ಮುಗಿಸಿ ಹೊರಟೆವು. ಬಸ್ಸು ನಿಲ್ಲುವ ಕಡೆ ಚಹಾ ಮಾರುವ ಹೆಂಗಸೊಬ್ಬಳು ಕೂರುತ್ತಾಳೆ. ಅವಳ ಹೆಸರು ಶಾಮಾ. ಪಕ್ಕದೂರಿನವಳು. ಒಳ್ಳೆಯ ಹೆಂಗಸು, ಬಾಯಿಗೆ ಮಾತ್ರ ಬೀಗವಿಲ್ಲ. ಇಖ್ಲಾಸ್ ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗ ಶಾಮಾ ಆ ಕೈ ನೋಡಿದಳು. ಲೋಟ ಕೆಳಗಿಟ್ಟು ಎರಡೂ ಅಂಗೈ ಮೇಲೆತ್ತಿದಳು.

“ದೇವರು ಅವರಿಗೆ ಸ್ವರ್ಗ ಕೊಡ್ಲಿ. ನಿನಗೆ ತಾಳ್ಮೆ ಕೊಡ್ಲಿ ಮಗಳೇ. ನನಗೆ ಗೊತ್ತೇ ಆಗ್ಲಿಲ್ಲ. ಯಾವಾಗ ಹೋದ್ರು?”

ಇಖ್ಲಾಸ್ ಕೈ ಹಿಂದಕ್ಕೆಳೆದುಕೊಂಡಳು. ಹಾಜ್ಜಾ ತೋಮಾ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು. “ಕೇಳಿದ್ಯಾ? ಕೇಳಿದ್ಯಾ ಮಸ್ತೂರಾ? ಸಾವಿನ ಪ್ರಾರ್ಥನೆ ಮಾಡಿಬಿಟ್ಟಳು ನನ್ನ ಮಗನಿಗೆ! ಬೇಡ, ನಡೀರಿ ಮನೆಗೆ. ಬೋಗುಣೀಲಿ ಇನ್ನೂ ಇದೆ. ಹಚ್ಚಿ ನಾಳೆ ಹೋಗೋಣ.”

ಬಸ್ಸು ಬಂತು. ನಾನು ಏನು ಹೇಳಿದರೂ ಅವರು ಏಳಲಿಲ್ಲ. ಒಂದು ದಿನ ತಪ್ಪಿದರೆ ಮತ್ತೆ ಯಾವಾಗ ಸರದಿ ಸಿಗುವುದೋ ಗೊತ್ತಿಲ್ಲ. ಮದರಂಗಿಯ ಬಣ್ಣ ಎರಡು ವಾರ ಹೋಗುವುದಿಲ್ಲ. ಡ್ರೈವರ್ ಹಾರ್ನ್ ಹೊಡೆದ.

ಇಖ್ಲಾಸ್ ಚೀಲವನ್ನು ತಾನೇ ಎತ್ತಿಕೊಂಡಳು. “ಅತ್ತೆ, ಅವರು ಬದುಕಿದ್ರೆ ನನ್ನ ಕೈ ಬೋಳಾಗಿದೆ ಅಂತ ಸಾಯಲ್ಲ. ನಾನು ಹೋಗ್ದಿದ್ರೆ ಸಾಯ್ತೀನಿ. ನಾನು ಹೋಗ್ತೀನಿ,” ಎಂದಳು. ಹೇಳಿ ಬಸ್ಸು ಹತ್ತಿದಳು.

ನಾನೂ ಹತ್ತಿದೆ. ಬಸ್ಸು ಹೊರಟಾಗ ಯಾರೋ ಬಾಗಿಲು ಬಡಿದರು. ಹಾಜ್ಜಾ ತೋಮಾ. ಏದುಸಿರು ಬಿಡುತ್ತ ಬಂದು ಸೊಸೆಯ ಪಕ್ಕ ಕೂತರು. ಪಟ್ಟಣ ಮುಟ್ಟುವವರೆಗೂ ಅವಳ ಎಡಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡಿದ್ದರು. ಅದರಿಂದ ಒಂದು ಉಪಕಾರವಾಯಿತು. ಕೈ ಬೆಚ್ಚಗಿದ್ದರೆ ನರ ಬೇಗ ಸಿಗುತ್ತದೆ.

ವಾರ್ಡಿನಲ್ಲಿ ಸಾಲಾಗಿ ಎಂಟು ಕುರ್ಚಿ. ಸಿಸ್ಟರ್ ಅವಾತಿಫ್ ಅಲ್ಲಿ ಹಳಬಳು. ಪೊಟ್ಟಣಗಳನ್ನು ಬಿಚ್ಚಿ ಮೂಸಿ, ಆ ಕಹಿ ಬೇರನ್ನು ಪಕ್ಕಕ್ಕಿಟ್ಟಳು. “ಇದು ಏನು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬೇಡ. ಉಳಿದದ್ದನ್ನ ಡಾಕ್ಟರಿಗೆ ಕೇಳ್ತೀನಿ. ತಂದು ತೋರಿಸಿದಿರಲ್ಲ, ಪುಣ್ಯ ಬರ್ಲಿ,” ಎಂದಳು. ಬೈಯಲಿಲ್ಲ. ಇಖ್ಲಾಸಳ ಕೈಯನ್ನು ಬೆಳಕಿಗೆ ಹಿಡಿದು ನೋಡಿ, “ನರ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು,” ಎಂದಳು. ಎರಡನೇ ಚುಚ್ಚಿಗೆ ಸೂಜಿ ಸರಿಯಾಗಿ ಕೂತಿತು. ಕೆಂಪು ಔಷಧಿ ಇಳಿಯತೊಡಗಿತು.

ಪಕ್ಕದ ಕುರ್ಚಿಯಲ್ಲಿ ಪೂರ್ವದ ಸೀಮೆಯಿಂದ ಬಂದ ಒಬ್ಬಳಿದ್ದಳು. ಇಪ್ಪತ್ತೆರಡು, ಇಪ್ಪತ್ಮೂರು ಇರಬೇಕು. ಅವಳ ಕೈಯ ಮದರಂಗಿ ನೋಡಿ ಹಾಜ್ಜಾ ತೋಮಾ ಕಣ್ಣು ತೆಗೆಯಲಿಲ್ಲ. ಅಷ್ಟು ಅಚ್ಚುಕಟ್ಟು, ಅಷ್ಟು ಕಪ್ಪು. “ನೋಡು, ಅವಳಿಗೆ ಯಾರೂ ಏನೂ ಅಂದಿಲ್ಲ,” ಎಂದು ನನ್ನ ಕಿವಿಯಲ್ಲಿ ಗೊಣಗಿದರು. ಮದರಂಗಿ ಬೇಡ ಎಂದು ಆ ಹುಡುಗಿಗೆ ಸಿಸ್ಟರ್ ಮೊದಲೇ ಹೇಳಿದ್ದಳಂತೆ. ಬರುವಷ್ಟರಲ್ಲಿ ಮನೆಯವರು ಹಚ್ಚಿಯಾಗಿತ್ತು. ಇನ್ನೊಂದು ಕೈಯ ನರ ಹಿಂದಿನ ಡೋಸುಗಳಿಗೆ ಸುಟ್ಟುಹೋಗಿತ್ತು. ಕೈಗೆ ಏನಾದರೂ ಆದರೆ ತಕ್ಷಣ ಹೇಳು ಎಂದು ಎರಡೆರಡು ಸಲ ಹೇಳಿ ಸೂಜಿ ಹಾಕಿದ್ದರು.

ಸ್ವಲ್ಪ ಹೊತ್ತಾಯಿತು. ಹಾಜ್ಜಾ ತೋಮಾ ಇದ್ದಕ್ಕಿದ್ದಂತೆ ಗೊಣಗುವುದನ್ನು ನಿಲ್ಲಿಸಿದರು. ಆ ಹುಡುಗಿ ಕಣ್ಣು ಮುಚ್ಚಿದ್ದಳು. ಅವಳ ಬಾಯಲ್ಲಿ ಸೆರಗಿನ ತುದಿ ಇತ್ತು. ಹಲ್ಲು ಕಚ್ಚಿದ ಕಡೆ ಬಟ್ಟೆ ಒದ್ದೆಯಾಗಿತ್ತು.

ನಾನು ನೋಡಿರಲಿಲ್ಲ. ಮೂವತ್ತು ವರ್ಷ ಹೆಂಗಸರ ನೋವು ನೋಡಿದ ನನ್ನ ಕಣ್ಣಿಗೆ ಅದು ಕಾಣಲಿಲ್ಲ. ಕಂಡದ್ದು ಹಾಜ್ಜಾ ತೋಮಾ ಅವರಿಗೆ. ಅಂಥದ್ದೇ ಸೆರಗನ್ನು ಅವರು ಒಮ್ಮೆ ಕಚ್ಚಿದ್ದರಲ್ಲ.

“ಉರೀತಿದೆ!” ಎಂದು ಕೂಗಿದರು. ವಾರ್ಡೆಲ್ಲ ತಿರುಗಿ ನೋಡಿತು. “ಸಿಸ್ಟರ್! ಈ ಮಗೂಗೆ ಉರೀತಿದೆ! ಬೇಗ ಬಾ!”

ಅವಾತಿಫ್ ಓಡಿ ಬಂದಳು. ಮೊದಲು ಹನಿ ನಿಲ್ಲಿಸಿದಳು. ಸೂಜಿ ಕೀಳದೆ, ಒಳಗೆ ಹೋದದ್ದನ್ನು ಸಿರಿಂಜಿನಿಂದ ಆದಷ್ಟು ಹೊರಗೆ ಎಳೆದಳು. ಆ ಕಪ್ಪು ಹೂಗಳ ಮೇಲೆ ಬೆರಳಾಡಿಸಿದಳು. “ಬಿಸಿಯಾಗಿದೆ. ಉಬ್ಬಿದೆ. ಡಾಕ್ಟರನ್ನ ಕರೀರಿ, ಐಸ್ ತನ್ನಿ,” ಎಂದಳು. ಹುಡುಗಿ ಆಗ ಅಳತೊಡಗಿದಳು. “ಸಹಿಸ್ಕೋಬೇಕು ಅಂದ್ಕೊಂಡೆ. ಔಷಧಿ ಅಂದ್ರೆ ಉರಿಯುತ್ತೆ ಅಂದ್ಕೊಂಡೆ,” ಎಂದಳು.

“ಎಷ್ಟು ಸೋರಿದೆ?” ಎಂದು ನಾನು ಅವಾತಿಫಳನ್ನು ಕೇಳಿದೆ. “ಸ್ವಲ್ಪ ಅಂತ ಕಾಣುತ್ತೆ. ಹತ್ತು ದಿನ ಹೋಗ್ಬೇಕು, ಆಗ ಗೊತ್ತಾಗೋದು,” ಎಂದಳು. ಆ ಕೈ ಏನಾಯಿತು ಎಂದು ನಮಗೆ ತಿಳಿಯಲಿಲ್ಲ. ಮುಂದಿನ ಸಲ ನಾವು ಹೋದಾಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು.

ಸಂಜೆ ಊರಿಗೆ ಮರಳಿದೆವು. ಇಖ್ಲಾಸ್ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಬಸ್ಸಿಳಿದಾಗ ನಿಲ್ಲಲೂ ಆಗುತ್ತಿರಲಿಲ್ಲ. ಶಾಮಾ ಇನ್ನೂ ಅಲ್ಲೇ ಕೂತಿದ್ದಳು. ಬೆಳಿಗ್ಗೆ ಆಡಿದ ಮಾತಿಗೆ ನಾಚಿಕೊಂಡು ಏನೋ ಹೇಳಲು ಬಂದಳು.

ಹಾಜ್ಜಾ ತೋಮಾ ಕೈಯೆತ್ತಿ ತಡೆದರು. “ನನ್ನ ಮಗ ಎಲ್ಲಿದ್ದಾನೆ ಅನ್ನೋದು ದೇವರಿಗೆ ಗೊತ್ತು ಶಾಮಾ. ಇವಳು ಇಲ್ಲಿದ್ದಾಳೆ. ಇವಳಿಗೆ ಕ್ಯಾನ್ಸರ್. ಇವಳು ಬದುಕ್ಲಿ ಅಂತ ಈ ಕೈ ನಾನೇ ಬೋಳು ಬಿಟ್ಟಿದ್ದೀನಿ. ಯಾರಾದ್ರೂ ಕೇಳಿದ್ರೆ ಹಾಗಂತ ಹೇಳು. ಈಗ ಒಂದು ಲೋಟ ಬಿಸಿನೀರು ಕೊಡು.”

ನಮ್ಮ ಊರಿನ ಕಡೆ ಆ ಕಾಯಿಲೆಯ ಹೆಸರನ್ನು ಹೀಗೆ ಬೀದಿಯಲ್ಲಿ ನಿಂತು ಯಾರೂ ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ. ಎರಡು ವರ್ಷ ಎಣ್ಣೆಯ ಸುಳ್ಳು ಹೇಳಿದವಳು ನಾನು. ಅಂದು ಸೆರಗಿನೊಳಗಿಂದ ಎಡಗೈ ತೆಗೆದು, ಆ ಕೈಯಲ್ಲೇ ಲೋಟ ಇಸಿದುಕೊಂಡೆ.

ಇದೆಲ್ಲ ಆಗಿ ಮೂರು ತಿಂಗಳಾಯಿತು. ಇಖ್ಲಾಸಳಿಗೆ ನಾಲ್ಕು ಡೋಸು ಮುಗಿದಿವೆ, ಇನ್ನೂ ನಾಲ್ಕಿವೆ. ಕೂದಲು ಹೋಗಿದೆ. ಎರಡನೇ ಡೋಸು ಆಗಿ ಹತ್ತನೇ ದಿನ ಜ್ವರ ಬಂತು. ನಾಳೆ ನೋಡೋಣ ಎನ್ನದೆ ಅತ್ತೆ ಆ ಕ್ಷಣವೇ ಗಾಡಿ ಹಿಡಿದು ಆಸ್ಪತ್ರೆಗೆ ಒಯ್ದರು. ಬೆಳಗಿನವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಅಲ್ಲಿ ಹೇಳಿದರಂತೆ. ಬೋಗುಣಿಯ ಮದರಂಗಿ ಒಣಗಿ ಕಲ್ಲಾಗಿತ್ತು. ಹಾಜ್ಜಾ ತೋಮಾ ಅದನ್ನು ಕೆರೆದು ಕಸದ ಗುಂಡಿಗೆ ಹಾಕಿದರು. ಬಾಬಿಕರ್‌ನ ಫೋನು ಇನ್ನೂ ಬಂದಿಲ್ಲ. ಪ್ರತಿ ಡೋಸಿನ ಹಿಂದಿನ ದಿನ ಆ ಮುದುಕಿ ಸೊಸೆಯನ್ನು ಬೆಳಕಿಗೆ ಕೂರಿಸಿ, ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಇನ್ನು ನಿಮಗೆ ಒಂದು ಮಾತು. ನಾನು ಬರೆದ ಈ ಕಾಗದವನ್ನು ನೀವು ಓದುತ್ತಿರಬಹುದು, ಹೆಂಗಸರ ಸಂಘದಲ್ಲಿ ಯಾರೋ ಓದಿ ಹೇಳುತ್ತಿರಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ಇದ್ದರೆ, ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ಶುರುವಾಗುವುದಿಲ್ಲ, ನಿಮ್ಮ ಅಂಗಳದಲ್ಲಿ ಮೂರು ದಿನ ಮುಂಚೆಯೇ ಶುರುವಾಗುತ್ತದೆ. ನೀರು ಕುಡಿಸಿ, ವೈದ್ಯರು ಬೇಡ ಎಂದಿದ್ದರೆ ಮಾತ್ರ ಬಿಡಿ. ಬರಿ ಹೊಟ್ಟೆಯಲ್ಲಿ ಕಳಿಸಬೇಡಿ. ಕೈಗೂ ಉಗುರಿಗೂ ಬಣ್ಣ ಹಚ್ಚಬೇಡಿ, ಹಚ್ಚಿಬಿಟ್ಟಿದ್ದರೆ ಮುಚ್ಚಿಡದೆ ಸಿಸ್ಟರಿಗೆ ಹೇಳಿ. ಮನೆಯ ಬೇರು, ಪುಡಿ, ಮಾತ್ರೆ, ಎಲ್ಲವನ್ನೂ ತೆಗೆದುಕೊಂಡು ಹೋಗಿ ತೋರಿಸಿ. ಜೊತೆಗೆ ಒಬ್ಬರು ಹೋಗಿ, ಕಾಯಿಲೆಯವರ ಮುಖ ನೋಡುತ್ತ ಕೂರಿ. ಮನೆಗೆ ಬಂದ ಮೇಲೆ ಮೈ ಬಿಸಿಯಾದರೆ, ಜ್ವರದ ಕಡ್ಡಿ ಮೂವತ್ತೆಂಟು ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟಿನಲ್ಲಿ ನೂರು, ದಾಟಿದರೆ, ಬೆಳಗಾಗಲಿ ಎನ್ನಬೇಡಿ.

ಮತ್ತೆ, ತಾಯಿ, ನೋವನ್ನು ನುಂಗಿದವಳಿಗೆ ನಮ್ಮಲ್ಲಿ ಹೊಗಳಿಕೆ ಸಿಗುತ್ತದೆ. ನನಗೂ ಸಿಕ್ಕಿತ್ತು. ಆ ಹೊಗಳಿಕೆ ಈಗ ನನ್ನ ಬೆನ್ನಿನ ಮೂಳೆಯಲ್ಲಿದೆ. ಮುಂದಿನ ವರ್ಷ ಈ ಕಾಗದ ಓದುವಾಗ ನಾನು ಇರುತ್ತೇನೋ ಇಲ್ಲವೋ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ. ಪಕ್ಕದಲ್ಲಿ ಯಾರಿದ್ದರೂ ಸರಿ, ನಾಚಿಕೊಳ್ಳದೆ, ಕಾಲುವೆಯ ಆಚೆ ದಂಡೆಗೆ ಕೇಳುವ ಹಾಗೆ ಒಂದು ಸಲ ಜೋರಾಗಿ ಹೇಳಿ ನೋಡಿ: ಉರೀತಿದೆ.